ಜಂಗಮವಾಣಿಯೂ ಪರರ ಗುಟ್ಟೂ

ಶುದ್ಧನಾದವನಿಗೆ ಶೋಧನೆಯ ಭಯವೇಕೆ? ಒಳಗೂ ಹೊರಗೂ ಒಂದೇ ಆಗಿ ನಡೆಯತಕ್ಕ ಸದ್ಭಕ್ತನು, ಪೊಲೀಸರು ಕೇಳಿದೊಡನೆ ತನ್ನ ಮೊಬೈಲನ್ನು ತೆರೆದು ತೋರಿಸಿದರೆ ಅವನಿಗಾಗುವ ಹಾನಿಯಾದರೂ ಏನು? ಮುಚ್ಚುಮರೆ ಮಾಡುವವನಲ್ಲಿಯೇ ದೋಷವಿರುವುದಲ್ಲವೆ? ಈ ಪ್ರಶ್ನೆಗಳನ್ನು ಕೇಳುವವರು ಕುಚೋದ್ಯಕ್ಕಾಗಿ ಕೇಳುವುದಿಲ್ಲ. ನಡೆಯೂ ನುಡಿಯೂ ಬೇರಾಗಬಾರದೆಂಬ ಶರಣರ ಬೋಧೆಯಲ್ಲಿ ಬೆಳೆದ ಗೃಹಸ್ಥರಿಗೆ ಇದು ಸಹಜವಾಗಿಯೇ ತೋರುವ ಪೂರ್ವಪಕ್ಷ. ಆದುದರಿಂದ ಇದನ್ನು ಹಗುರಾಗಿ ತಳ್ಳದೆ ಪರಿಭಾವಿಸಬೇಕು.

೨೦೨೧ರ ಅಕ್ಟೋಬರಿನಲ್ಲಿ ಹೈದರಾಬಾದು ನಗರದ ಪೊಲೀಸರು ದಾರಿಯಲ್ಲಿ ಹೋಗುತ್ತಿದ್ದ ವಾಹನ ಸವಾರರನ್ನು ತಡೆದು, ಅವರ ಮೊಬೈಲುಗಳನ್ನು ತೆರೆಯಿಸಿ, ವಾಟ್ಸಾಪಿನ ಸಂಭಾಷಣೆಗಳಲ್ಲಿ ‘ಗಾಂಜಾ’ ಎಂಬ ಮಾತು ಬಂದಿದೆಯೇ ಎಂದು ಹುಡುಕಿದರು. ಆ ದೃಶ್ಯಗಳು ದೇಶದಲ್ಲೆಲ್ಲ ಹರಡಿ ಚರ್ಚೆಗೆ ಕಾರಣವಾದವು. ಮಾದಕವಸ್ತುವಿನ ಪಿಡುಗನ್ನು ತೊಲಗಿಸಬೇಕೆಂಬುದು ಸದುದ್ದೇಶವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯಾಯಾಲಯದ ವಾರಂಟು ಅಲ್ಲಿರಲಿಲ್ಲ. ಇಂಥ ಸಂದರ್ಭಗಳಲ್ಲಿ ‘ಜನರು ಒಪ್ಪಿಯೇ ಕೊಟ್ಟರು’ ಎಂಬ ಸಮಾಧಾನವನ್ನು ಹೇಳುವುದುಂಟು. ಖಾಕಿ ಉಡುಪಿನವರು ಸುತ್ತ ನಿಂತು ಕೈಚಾಚಿದಾಗ ಬರುವ ಒಪ್ಪಿಗೆಗೆ ಒಪ್ಪಿಗೆಯೆಂಬ ಹೆಸರು ಸಲ್ಲದು.

ಮೊಬೈಲಿಗೆ ಕನ್ನಡದಲ್ಲಿ ‘ಜಂಗಮವಾಣಿ’ ಎಂಬ ಹೆಸರನ್ನು ಕಟ್ಟಿದವರು ಬಹು ಅರ್ಥವತ್ತಾಗಿಯೇ ಕಟ್ಟಿದರು. ಸ್ಥಾವರ ಜಂಗಮಗಳ ಭೇದವನ್ನು ಬಲ್ಲ ವಾಚಕರಿಗೆ ಅದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಶಾಸನವಾದರೋ ಬಹುಕಾಲ ಸ್ಥಾವರವನ್ನೇ ನೆಚ್ಚಿಕೊಂಡಿತ್ತು. ಶೋಧನೆಯೆಂದರೆ ಮನೆಯ ಶೋಧನೆ; ಕದ, ಬೀಗ, ಪೆಟ್ಟಿಗೆ, ಕಪಾಟುಗಳ ಶೋಧನೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೮೫ನೆಯ ಕಲಮು ಸಹ, ವಾರಂಟಿಲ್ಲದ ಶೋಧನೆಯನ್ನು ವಿಧಿಸುವಾಗ, ‘ಸ್ಥಳ’ವೊಂದನ್ನು ಹುಡುಕುವ ಮಾತನ್ನೇ ಆಡುತ್ತದೆ. ಆದರೆ ಹಿಂದೆ ಮನೆಯ ಮೂಲೆಮೂಲೆಗಳಲ್ಲಿ ಹಂಚಿಹೋಗಿರುತ್ತಿದ್ದುದೆಲ್ಲವೂ, ಬಂಧುಗಳ ಓಲೆ, ಬ್ಯಾಂಕಿನ ಲೆಕ್ಕ, ವೈದ್ಯರ ಚೀಟಿ, ಮಕ್ಕಳ ಭಾವಚಿತ್ರ, ಇಂದು ಒಂದೇ ಜೇಬಿನಲ್ಲಿ ಕುಳಿತು ಊರೂರು ಸಂಚರಿಸುತ್ತಿದೆ. ಅದರ ಮೇಲೆ, ಒಡೆಯನು ಯಾವ ಹೊತ್ತಿನಲ್ಲಿ ಎಲ್ಲಿದ್ದನೆಂಬ ದಿನಚರಿ ಬೇರೆ; ಅಂಥದು ಹಿಂದಿನ ಯಾವ ಶ್ರೀಮಂತನ ಮನೆಯಲ್ಲಿಯೂ ದೊರೆಯುತ್ತಿರಲಿಲ್ಲ. ಮನೆಗಿದ್ದ ರಕ್ಷಣೆ ಜೇಬಿಗೂ ಇರಬೇಡವೆ ಎಂಬ ಪ್ರಶ್ನೆ ಬೇರೆ ದೇಶಗಳಲ್ಲಿಯೂ ಎದ್ದಿತು. ಬಂಧಿತನ ಜೇಬಿನಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಮೊಬೈಲನ್ನು ಸಿಗರೇಟಿನ ಪೊಟ್ಟಣದಂತೆ ಬಿಚ್ಚಿ ನೋಡಲಾಗದು, ಸಾಮಾನ್ಯವಾಗಿ ವಾರಂಟು ಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು ೨೦೧೪ರಲ್ಲಿ ಒಮ್ಮತದಿಂದ ತೀರ್ಪಿತ್ತಿತು.

ಭಾರತದಲ್ಲಿ ಈ ವಿಚಾರವು ನಿಧಾನವಾಗಿ ಪಕ್ವವಾಯಿತು. ೧೯೫೪ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠಕ್ಕೆ, ಶೋಧನೆಯನ್ನು ತಡೆದು ನಿಲ್ಲಿಸಬಲ್ಲ ಗೋಪ್ಯತೆಯ ಹಕ್ಕೊಂದು ಸಂವಿಧಾನದಲ್ಲಿ ಕಾಣಲಿಲ್ಲ. ೧೯೬೨ರಲ್ಲಿ, ಉತ್ತರ ಪ್ರದೇಶದ ಪೊಲೀಸರು ರಾತ್ರಿಯ ವೇಳೆ ಮನೆಗೆ ಬಂದು ವಿಚಾರಿಸುವ ನಿಯಮವನ್ನು ರದ್ದುಗೊಳಿಸಿದ ಪೀಠವು ಕೂಡ, ಬಹುಮತದಿಂದ ಆ ಹಕ್ಕನ್ನು ಒಪ್ಪಲಿಲ್ಲ. ಭಿನ್ನಮತ ತಳೆದ ನ್ಯಾಯಮೂರ್ತಿ ಸುಬ್ಬರಾವ್ ಅವರು ಗೋಪ್ಯತೆಯು ವೈಯಕ್ತಿಕ ಸ್ವಾತಂತ್ರ್ಯದ ಅವಶ್ಯಾಂಗವೆಂದರು. ಕೊನೆಗೆ ಆ ಭಿನ್ನಮತವೇ ಗೆದ್ದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ವ್ಯಾಜ್ಯದಲ್ಲಿ, ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಕಂಠದಿಂದ ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಸಾರಿದರು. ಅದನ್ನು ಮೊಟಕುಗೊಳಿಸುವ ಸರ್ಕಾರಕ್ಕೆ ಶಾಸನದ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಹಿಡಿದ ಮಾರ್ಗ ಉದ್ದೇಶವನ್ನು ಮೀರಬಾರದು.

ಇಷ್ಟು ಶಾಸನದ ಮಾತಾಯಿತು. ಪೂರ್ವಪಕ್ಷಿಯು ಇನ್ನೂ ಹೇಳಬಹುದು: ‘ಹಕ್ಕು ಇರಲಿ, ಅದನ್ನು ಬಿಟ್ಟುಕೊಡುವುದು ಒಡೆಯನ ಇಷ್ಟ. ಬಚ್ಚಿಡದೆ ಬದುಕುವವನಿಗೆ ಆ ಹಕ್ಕಿನಿಂದ ಪ್ರಯೋಜನವೇನು?’ ಎಂದು. ಶರಣರು ತಮ್ಮ ಕುಂದುಕೊರತೆಗಳನ್ನು ಮುಚ್ಚಿಡಲಿಲ್ಲವೆಂಬುದು ನಿಜ. ಆದರೆ ಅವರು ಬಿಚ್ಚಿಟ್ಟದ್ದು ತಮ್ಮದನ್ನು, ಬಿಚ್ಚಿಟ್ಟದ್ದು ತಾವಾಗಿ, ಬಿಚ್ಚಿಟ್ಟದ್ದು ತಮ್ಮ ಇಷ್ಟದೈವದ ಮುಂದೆ. ತಳವಾರನು ಅಡ್ಡಗಟ್ಟಿ ಕೇಳಿದಾಗ ಒಪ್ಪಿಸಿದ ಗುಟ್ಟು ವಚನವಾಗುವುದಿಲ್ಲ.

ಇಲ್ಲಿ ‘ತಮ್ಮದನ್ನು’ ಎಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು. ಮೊಬೈಲಿನಲ್ಲಿರುವುದೆಲ್ಲ ತನ್ನದೆಂದು ಗೃಹಸ್ಥನು ಭಾವಿಸುವುದೇ ಭ್ರಾಂತಿ. ಅದರ ಬಹುಭಾಗ ಪರರದು. ಗಂಡನ ಮನೆಯಲ್ಲಿ ನೋಯುತ್ತಿರುವ ತಂಗಿ ನಡುರಾತ್ರಿಯಲ್ಲಿ ಅಣ್ಣನಿಗೆ ಬರೆದ ನಾಲ್ಕು ಸಾಲು. ಬೆಳೆ ಕೈಕೊಟ್ಟು ಸಾಲ ಕೇಳಿದ ಗೆಳೆಯನ ದೈನ್ಯ. ಸೊಸೆಯ ಬಸಿರಿನ ತಪಾಸಣೆಯ ವರದಿ. ಹೆಣ್ಣು ನೋಡಿಹೋದವರು ಒಲ್ಲೆವೆಂದು ಕಳುಹಿಸಿದ ಉತ್ತರ. ಇವರಾರೂ ಆ ರಸ್ತೆಯಲ್ಲಿ ನಿಂತಿಲ್ಲ. ಇವರನ್ನು ಯಾರೂ ಒಪ್ಪಿಗೆ ಕೇಳಿಲ್ಲ. ತನಗೆ ಮುಚ್ಚಿಡತಕ್ಕದ್ದೇನೂ ಇಲ್ಲವೆಂಬ ಹೆಮ್ಮೆಯಿಂದ ಒಬ್ಬನು ಮೊಬೈಲನ್ನು ಚಾಚಿದಾಗ, ವಾಸ್ತವದಲ್ಲಿ ಅವನು ದಾನ ಮಾಡುತ್ತಿರುವುದು ತಂಗಿಯ ಕಣ್ಣೀರನ್ನು.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂಬುದೊಂದು ಪ್ರಕರಣವಿದೆ. ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ, ನಂಬಿಕೆಯಿಂದ ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತುವೇ ಉಪನಿಧಿ. ಪಡೆದವನು ಅದನ್ನು ಇದ್ದಂತೆಯೇ ಹಿಂದಿರುಗಿಸಬೇಕು. ತಂಗಿಯ ಮಾತು ಅಣ್ಣನಿಗೆ ತಿಳಿದೇ ಇದೆಯಾದುದರಿಂದ ಅದು ಉಪನಿಧಿಯಲ್ಲವೆಂದು ತಾರ್ಕಿಕರು ಆಕ್ಷೇಪಿಸಿಯಾರು. ತಿಳಿಸಿ ಕೊಟ್ಟ ನಿಕ್ಷೇಪಕ್ಕೂ ಸ್ಮೃತಿಯು ಅದೇ ವಿಧಿಯನ್ನು ವಿಸ್ತರಿಸುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಒಪ್ಪಿಸಿದ ವಸ್ತುವನ್ನು ರಾಜನಾಗಲಿ, ದೈವವಾಗಲಿ, ಕಳ್ಳರಾಗಲಿ ಒಯ್ದರೆ ಕಾಪಿಟ್ಟವನು ಅದಕ್ಕೆ ತೆರಬೇಕಾಗಿಲ್ಲವಂತೆ. ರಾಜನನ್ನೂ ಕಳ್ಳರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಸ್ಮೃತಿಕಾರನ ಧೈರ್ಯ ಮೆಚ್ಚತಕ್ಕದ್ದು! ಆದರೆ ಆ ವಿನಾಯಿತಿ ಕಸಿದುಕೊಂಡು ಒಯ್ದಾಗ ಸಲ್ಲುವಂಥದು. ‘ನೋಡಿಕೊಳ್ಳಿ ಸ್ವಾಮಿ’ ಎಂದು ತಾನೇ ಪೆಟ್ಟಿಗೆಯ ಮುಚ್ಚಳ ತೆಗೆದವನು ಅದರ ಮರೆಹೋಗಲಾರನು.

ಹಾಗೆಂದು ಪೊಲೀಸರ ಕೈಯನ್ನು ಕಟ್ಟಿಹಾಕಬೇಕೆಂದಲ್ಲ. ಕಾಣೆಯಾದ ಬಾಲಕಿಯ ಕೊನೆಯ ಕರೆ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ವೃದ್ಧರ ಉಳಿತಾಯವನ್ನು ದೋಚಿದವನ ಸಂದೇಶ, ಇವು ಮೊಬೈಲಿನಲ್ಲಲ್ಲದೆ ಮತ್ತೆಲ್ಲಿ ದೊರಕಬೇಕು? ಆಯುಷ್ಯದ ಗಳಿಕೆಯನ್ನು ಕಳೆದುಕೊಂಡ ಮುದುಕನಿಗೆ ಗೋಪ್ಯತೆಯ ಉಪನ್ಯಾಸ ಮಾಡುವುದು ಕ್ರೌರ್ಯವಾದೀತು. ಪ್ರಶ್ನೆಯಿರುವುದು ಶೋಧನೆ ಬೇಕೆ ಬೇಡವೆ ಎಂಬುದರಲ್ಲಲ್ಲ. ಬೇಕೆಂದು ನಿರ್ಣಯಿಸತಕ್ಕವರು ಯಾರೆಂಬುದರಲ್ಲಿ. ಹುಡುಕುವವನೇ ಹುಡುಕಾಟದ ಅಗತ್ಯಕ್ಕೆ ನ್ಯಾಯಾಧೀಶನಾಗಬಾರದು. ಕರ್ನಾಟಕ ಹೈಕೋರ್ಟು ೨೦೨೧ರ ಮಾರ್ಚ್ ೧೨ರ ತೀರ್ಪಿನಲ್ಲಿ ಈ ದಾರಿಯನ್ನೇ ಹಿಡಿಯಿತು. ಮೊಬೈಲಿನ ಶೋಧನೆಗೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕು. ತುರ್ತಿದ್ದಾಗ ಕಾರಣಗಳನ್ನು ಬರೆದಿಟ್ಟು ಮುಂದುವರಿಯಬಹುದು. ಅದರೊಳಗಿನ ಖಾಸಗಿ ಸಂಗತಿಗಳನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ತಿಳಿಸಕೂಡದು. ಕೊನೆಯ ಈ ಮಾತು ಪರರ ಗುಟ್ಟಿಗೆ ಕಾವಲು.

ಆದರೆ ಪಾಸ್‌ವರ್ಡನ್ನು ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಲ್ಲವೆಂದೂ ಅದೇ ತೀರ್ಪು ಹೇಳಿತು. ಇದು ಅಷ್ಟು ಸುಲಭವಾಗಿ ಒಪ್ಪತಕ್ಕ ಮಾತಲ್ಲ. ಬೆರಳಚ್ಚು ದೇಹದ್ದು, ಪಾಸ್‌ವರ್ಡು ಮನಸ್ಸಿನದು. ಮನಸ್ಸಿನೊಳಗಣದನ್ನು ಔಷಧ ಚುಚ್ಚಿ ಹೊರಡಿಸುವ ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ಸುಪ್ರೀಂ ಕೋರ್ಟು ೨೦೧೦ರಲ್ಲಿ ತೀರ್ಪಿತ್ತದ್ದು ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲಿಯೇ. ದೆಹಲಿಯ ವಿಶೇಷ ನ್ಯಾಯಾಲಯವೊಂದು ೨೦೨೨ರಲ್ಲಿ, ಆರೋಪಿಯನ್ನು ಪಾಸ್‌ವರ್ಡಿಗಾಗಿ ಬಲವಂತಪಡಿಸಲಾಗದೆಂದು ಬೇರೆ ಮತವನ್ನೇ ತಳೆಯಿತು. ಉಪಕರಣಗಳ ವಶಕ್ಕೆ ಮಾರ್ಗಸೂಚಿಗಳನ್ನು ರಚಿಸುವಂತೆ ಸುಪ್ರೀಂ ಕೋರ್ಟು ೨೦೨೩ರ ನವೆಂಬರಿನಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ದಾರಿಯಲ್ಲಿ ತಡೆಯಲ್ಪಟ್ಟ ಗೃಹಸ್ಥನು ಸೆಣಸಬೇಕಾಗಿಲ್ಲ, ನಡುಗಬೇಕಾಗಿಯೂ ಇಲ್ಲ. ಯಾವ ಪ್ರಕರಣ, ಲಿಖಿತ ಆದೇಶವೆಲ್ಲಿ ಎಂದು ವಿನಯದಿಂದ ಕೇಳಬಹುದು. ಹೊಸ ಸಂಹಿತೆಯ ೯೪ನೆಯ ಕಲಮು ಇಂಥ ಉಪಕರಣವನ್ನು ಹಾಜರುಪಡಿಸುವಂತೆ ಠಾಣಾಧಿಕಾರಿಯು ಕೇಳುವಾಗ ಲಿಖಿತ ಆದೇಶವನ್ನು ಹೇಳುತ್ತದೆ. ೧೦೫ನೆಯ ಕಲಮು ಶೋಧನೆ ಮತ್ತು ವಶಗಳನ್ನು ಚಿತ್ರ ಧ್ವನಿಗಳೊಡನೆ ದಾಖಲಿಸಬೇಕೆನ್ನುತ್ತದೆ. ೧೮೫ನೆಯದರಲ್ಲಿ ವಾರಂಟಿಲ್ಲದ ಶೋಧನೆಯ ಕಾರಣಗಳು ೪೮ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಮೊಬೈಲು ವಶವಾದರೆ ಮಹಜರಿನಲ್ಲಿ ಅದನ್ನು ಕಾಣಿಸಿ, ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಬಳಿಕ ಆ ಸಂಗತಿಯನ್ನು ತಂಗಿಗೂ ಗೆಳೆಯನಿಗೂ ಅಂದೇ ತಿಳಿಸಬೇಕು. ತಾವು ನಂಬಿ ಒಪ್ಪಿಸಿದುದು ಈಗ ಯಾರ ಕೈಯಲ್ಲಿದೆಯೆಂಬುದನ್ನು ತಿಳಿಯುವ ಅಧಿಕಾರ ಅವರಿಗುಂಟು.