ಬಾಗಿಲಿಗೆ ಹಿಡಿಸದ ಕೊಂಬು

'ಪ್ರೊಫಾನಾ' ಎಂಬ ಲ್ಯಾಟಿನ್ ಶಬ್ದದ ಮೂಲಾರ್ಥವು ದೇಗುಲದ ಮುಂದೆ, ಎಂದರೆ ಅದರ ಹೊರಗೆ, ಉಳಿದದ್ದು ಎಂದು. ಕ್ರಿಸ್ತಜಯಂತಿಯ ದಿನಗಳಲ್ಲಿ ಮನೆಮನೆಯ ಮುಂದೆ ನಿಂತು ಹಾಡುವ ಹಾಡನ್ನೇ ಆಧರಿಸಿ 1930ರಲ್ಲಿ ರಚಿಸಿದ ಕೃತಿಗೆ ಹಂಗೆರಿಯ ಸಂಗೀತಕಾರ ಬೇಲಾ ಬಾರ್ಟೋಕನು 'ಕಂಟಾಟಾ ಪ್ರೊಫಾನಾ' ಎಂದು ಹೆಸರಿಟ್ಟುದು ಮೊದಲ ನೋಟಕ್ಕೆ ಕುಚೋದ್ಯದಂತೆ ತೋರೀತು. ಆದರೆ 1914ರಲ್ಲಿ ಟ್ರಾನ್ಸಿಲ್ವೇನಿಯದ ರುಮೇನಿಯನ್ ರೈತರನ್ನು ಫೋನೋಗ್ರಾಫಿನ ತುತ್ತೂರಿಯೆದುರು ನಿಲ್ಲಿಸಿ, ಮೇಣದ ಉರುಳೆಗಳ ಮೇಲೆ ಕೊರೆಸಿ ತಂದ 'ಕೊಲಿಂದ'ಗಳೆಂಬ ಈ ಜಯಂತಿಯ ಹಾಡುಗಳಲ್ಲಿ ಎಷ್ಟೋ ಕ್ರಿಸ್ತನ ಹೆಸರೆತ್ತದೆ ಅಡವಿಯ ಮಾತನ್ನೇ ಆಡುವುದನ್ನು ಅವನು ಕಿವಿಯಾರೆ ಕೇಳಿದ್ದನು. ಟ್ರಾನ್ಸಿಲ್ವೇನಿಯವನ್ನು ಹಂಗೆರಿಯಿಂದ ರುಮೇನಿಯಕ್ಕೆ ಕೊಟ್ಟ 1920ರ ಸಂಧಿಯ ತರುವಾಯ ಆ ಎರಡು ದೇಶಗಳ ನಡುವೆ ಹಗೆ ಹೊಗೆಯಾಡುತ್ತಿರಲು, ನೆರೆಯವರ ಆ ಹಾಡನ್ನು ತಾನೇ ಹಂಗೆರಿಯನ್ ಭಾಷೆಗೆ ತಂದುಕೊಂಡನೆಂಬುದೂ ಸಣ್ಣ ಸಂಗತಿಯಲ್ಲ.

ಕಥೆ ಇಷ್ಟೆ. ಮುದುಕನೊಬ್ಬನಿಗೆ ಒಂಬತ್ತು ಮಂದಿ ಗಂಡುಮಕ್ಕಳು. ಬೇಟೆಯೊಂದನ್ನುಳಿದು ಬೇರಾವ ಕಸುಬನ್ನೂ ಅವನು ಕಲಿಸಲಿಲ್ಲ. ಅಲೆಯುತ್ತ ಅಲೆಯುತ್ತ ಸೇತುವೆಯೊಂದನ್ನು ದಾಟಿ, ವಿಚಿತ್ರವಾದ ಹೆಜ್ಜೆಗಳ ಬೆನ್ನು ಹತ್ತಿದ ಅವರು ತಾವೇ ಸಾರಂಗಗಳಾದರು. ಹುಡುಕಿಬಂದ ತಂದೆ ಬಿಲ್ಲೆತ್ತಿದಾಗ ಗದರಿ ತಡೆದ ಸಾರಂಗವು ಅವನ ಅಚ್ಚುಮೆಚ್ಚಿನ ಮಗನೇ. ತಾಯಿ ಕಾದಿದ್ದಾಳೆ, ದೀಪ ಹೊತ್ತಿಸಿದೆ, ಊಟ ಅಣಿಯಾಗಿದೆ, ಬಟ್ಟಲುಗಳು ತುಂಬಿವೆ ಎಂದು ತಂದೆ ಅಂಗಲಾಚುತ್ತಾನೆ. ಮಗನಾದರೋ ತಮ್ಮ ಕೊಂಬು ಬಾಗಿಲಿಗೆ ಹಿಡಿಸದೆಂದೂ ಬಟ್ಟಲು ತಮ್ಮ ಬಾಯಿಗೆ ಇನ್ನು ಒಗ್ಗದೆಂದೂ ತಿಳಿನೀರಿನ ಊಟೆಯೇ ಬೇಕೆಂದೂ ಹೇಳುತ್ತಾನೆ.

ಇದನ್ನು ಮುಕ್ತಿಯೆನ್ನಬೇಕೋ ಶಾಪವೆನ್ನಬೇಕೋ? ಸ್ವಾತಂತ್ರ್ಯದ ಸ್ತೋತ್ರವೆಂದು ಇದನ್ನು ಕೊಂಡಾಡುವುದು ವಾಡಿಕೆ. ನನ್ನ ಮನಸ್ಸು ಅಷ್ಟು ಬೇಗ ಒಪ್ಪದು. ಸಂನ್ಯಾಸಿಯು ಮನೆ ಬಿಡುವಲ್ಲಿ ಸಂಕಲ್ಪವೊಂದಿರುತ್ತದೆ, ಬೇಕೆಂದರೆ ಬಾಗಿ ಒಳಬರಬಲ್ಲ ದೇಹವೂ ಇರುತ್ತದೆ. ಈ ಮಕ್ಕಳಾದರೋ ತಂದೆ ಕಲಿಸಿದ ಒಂದೇ ವಿದ್ಯೆಯನ್ನು ಅದರ ತುದಿಯವರೆಗೆ ಅನುಸರಿಸಿದರು. ಮರಳಲೊಲ್ಲೆವೆಂಬ ಹಟ ಹುಟ್ಟುವುದಕ್ಕೆ ಮೊದಲೇ ಮರಳಲಾಗದ ಮೈ ಅವರಿಗೆ ಬಂದುಬಿಟ್ಟಿತ್ತು.

ಸ್ವರಗಳೂ ಈ ಸಂದೇಹವನ್ನು ಬಲ್ಲವು. ವಾದ್ಯವೃಂದವು ಆರಂಭದಲ್ಲಿ ಮಬ್ಬಿನೊಳಗಿಂದೆಂಬಂತೆ ಏರಿಸುವ ಸ್ವರಶ್ರೇಣಿಯ ಅಂತರಗಳನ್ನು ತಲೆಕೆಳಗು ಮಾಡಿದರೆ ದೊರೆಯುವುದೇ ಕೊನೆಯ ಶ್ರೇಣಿ (ನಮ್ಮ ಮೇಳಕರ್ತಗಳಲ್ಲಿ ವಾಚಸ್ಪತಿಗೆ ಇರುವವು ಇವೇ ಸ್ವರಗಳು). ಕೊನೆಯಲ್ಲಿ ಬೆಳಕಾಗಿ ಕಂಡದ್ದು ಅದೇ ಮಬ್ಬು ತಿರುಗಿ ನಿಂತ ರೂಪ. ಅದರ ಮೇಲೆ ಟೆನರ್ ಕಂಠವೊಂದು ತಿಳಿನೀರಿನ ಊಟೆಯ ಮಾತನ್ನು ಹಾಡುತ್ತಿರಲು ಕೃತಿ ಮುಗಿಯುತ್ತದೆ. ತಂದೆ ಹೇಗೆ ಮನೆಗೆ ಮರಳಿದನು, ತುಂಬಿಟ್ಟ ಬಟ್ಟಲುಗಳನ್ನು ತಾಯಿ ಏನು ಮಾಡಿದಳು ಎಂಬುದನ್ನು ಹಾಡೂ ಹೇಳುವುದಿಲ್ಲ, ಬಾರ್ಟೋಕನೂ ಹೇಳುವುದಿಲ್ಲ.