ಮರಳಿದ ಹಳದಿ

ಹೊಸ ಸೊಸೆ ಹೊಸ್ತಿಲ ಮುಂದೆ ನಿಂತಾಗ, ಬಾಣಂತಿ ಮಗುವಿನೊಡನೆ ಮನೆಗೆ ಬಂದಾಗ, ತಟ್ಟೆಯಲ್ಲಿ ಕೆಂಪು ನೀರಿನ ಆರತಿ ಎತ್ತುತ್ತೇವೆ. ಆ ನೀರಿಗೆ ಬಿದ್ದದ್ದು ಹಳದಿಯ ಅರಿಶಿನ, ಬಿಳಿಯ ಸುಣ್ಣ. ಕೆಂಪು ಎಲ್ಲಿಂದ ಬಂತೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನಿತ್ಯಪರಿಚಯವು ಕುತೂಹಲವನ್ನು ಮೆಲ್ಲನೆ ಮಲಗಿಸಿಬಿಡುತ್ತದೆ.

ಅದನ್ನು ಎಬ್ಬಿಸಲು ರಸಾಯನಶಾಸ್ತ್ರದ ಮೇಷ್ಟರಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಎರಡು ಗಾಜಿನ ಲೋಟ, ಚಿಟಿಕೆ ಅರಿಶಿನ, ಸುಣ್ಣದ ತಿಳಿ, ಅರ್ಧ ನಿಂಬೆಹಣ್ಣು ಸಾಕು. ಹೂವಿನ ರಸದ ಬಣ್ಣ ನೋಡಿ ಆಮ್ಲ-ಕ್ಷಾರಗಳನ್ನು ಗುರುತಿಸುವ ಬಗೆಯನ್ನು ರಾಬರ್ಟ್ ಬಾಯ್ಲ್ 1664ರಲ್ಲೇ ಬರೆದಿಟ್ಟ. ಅವನಿಗೆ ಒದಗಿದ್ದು ವಯೊಲೆಟ್ ಹೂ. ನಮ್ಮ ಹಿತ್ತಲಲ್ಲಿ ದಾಸವಾಳವಿದೆ. ಲಿಟ್ಮಸ್ ಕಾಗದದ ಬಣ್ಣವೂ ಮೂಲತಃ ಕಲ್ಲುಹೂವಿನ ಬಳಗದ್ದೇ. ಮಸಾಲೆಗೆ ಹುರಿಯುವ ಆ ಕಲ್ಲುಹೂವಿಗೆ ಇಷ್ಟು ವಿದ್ವಾಂಸ ಬಂಧುಗಳೆಂದು ಯಾರು ಬಲ್ಲರು!

ಹಾಲು ಮೊಸರಾದರೆ ಮರಳದು. ಸೌದೆ ಬೂದಿಯಾದರೆ ಮರಳದು. ರಾಸಾಯನಿಕ ಬದಲಾವಣೆಗೆ ಹಿಂದಿರುಗುವ ಹಾದಿಯಿಲ್ಲವೆಂದು ಬಾಯಿಪಾಠ ಮಾಡಿ ಬೆಳೆದವರು ನಾವು. ಆದರೆ ಕೆಂಪಾದ ಅರಿಶಿನದ ನೀರಿಗೆ ನಿಂಬೆಯ ರಸ ಹಿಂಡಿದರೆ ಅದು ಪುನಃ ಹಳದಿ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮನಸ್ಸಿಗೂ ಏನೋ ಸಮಾಧಾನ. ಮನೆಯಲ್ಲಿ ಮಾತು ಬೆಳೆದು ಮುಖ ಕೆಂಪೇರುತ್ತದೆ. ಸಂಜೆಯ ಹೊತ್ತಿಗೆ ಒಂದು ಲೋಟ ಕಾಫಿ, ಒಂದು ಮೃದುವಚನ, ಮುಖ ತಿಳಿಯಾಗುತ್ತದೆ. ಎಲ್ಲವೂ ಮೊದಲಿನಂತಾಯಿತೆಂದು ನಾವು ನಿಶ್ಚಿಂತರಾಗುತ್ತೇವೆ.

ಲೋಟದೊಳಗಿನ ಕಥೆ ಅಷ್ಟು ಸರಳವಲ್ಲ. ಸುಣ್ಣವೂ ಹುಳಿಯೂ ಅಳಿದುಹೋಗಿಲ್ಲ. ಎರಡೂ ಕೂಡಿ ಒಂದು ಲವಣವಾಗಿ, ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಅಲ್ಲೇ ಉಳಿದಿವೆ. ಮರಳಿದ್ದು ವರ್ಣ ಮಾತ್ರ. ಅರಿಶಿನಕ್ಕೆ ಇನ್ನೊಂದು ಮಿತಿಯೂ ಉಂಟು. ಅದು ಸುಣ್ಣದಂಥ ಕ್ಷಾರವನ್ನು ಕಂಡರೆ ಕೆಂಪಾಗುತ್ತದೆ. ಶುದ್ಧ ನೀರಿಗೂ ಹಳದಿ, ಕಟುವಾದ ಹುಳಿಗೂ ಹಳದಿ. ಒಳಗೆ ಸಮತೆ ನೆಲೆಸಿದೆಯೋ, ಹುಳಿ ಹೆಚ್ಚಾಗಿದೆಯೋ, ಆ ಬಣ್ಣ ಹೇಳದು. ಪರರ ಪ್ರಸನ್ನಮುಖವನ್ನು ಓದುವಾಗ ನಮಗೂ ಇಷ್ಟೇ ತಿಳಿಯುವುದು. ನಮ್ಮ ಮುಖವನ್ನು ಕನ್ನಡಿಯಲ್ಲಿ ಓದುವಾಗಲೂ ಅಷ್ಟೇ.

ಈ ಪಾಠದಲ್ಲಿ ಚಪ್ಪಾಳೆಯ ನಂತರದ ಗಳಿಗೆಯೇ ಅಮೂಲ್ಯ. ಮೇಷ್ಟರು ಎರಡು ಲೋಟಗಳನ್ನು ಜೊತೆಯಾಗಿ ಇಡುತ್ತಾರೆ. ಒಂದು ಎಂದೂ ಕೆಂಪಾಗದ ಹಳದಿ. ಇನ್ನೊಂದು ಕೆಂಪಾಗಿ, ಧಾರಾಳ ನಿಂಬೆ ಕುಡಿದು ಮರಳಿದ ಹಳದಿ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು. ಎರಡಕ್ಕೂ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುತ್ತಾರೆ. ಮೊದಲನೆಯದು ಬೇಗನೆ ಕೆಂಪಾಗುತ್ತದೆ. ಎರಡನೆಯದು ಹನಿಯ ಮೇಲೆ ಹನಿ ನುಂಗುತ್ತ ಹಳದಿಯಾಗಿಯೇ ನಿಂತಿರುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಬಾಯಿ ತೆರೆಯದೆ, ಹನಿಗಳನ್ನು ಎಣಿಸತೊಡಗುತ್ತಾಳೆ.