ಗೋಡೆಯಿಲ್ಲದ ಅಡುಗೆಮನೆಯಲ್ಲಿ ಮಡಿ ಎಲ್ಲಿ?

ಎಫೆಸಸ್ಸಿನ ಹೆರಾಕ್ಲಿಟಸ್‌ನನ್ನು ನೋಡಲು ಹೊರಗಿನಿಂದ ಕೆಲವರು ಬಂದರಂತೆ. ಹೆಸರಾಂತ ದಾರ್ಶನಿಕ ಒಲೆಯ ಪಕ್ಕದಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದ. ಬಂದವರು ಒಳಗೆ ಕಾಲಿಡಲು ಅನುಮಾನಿಸಿ ನಿಂತರು. ಸಂಕೋಚ ಬೇಡ, ದೇವರು ಇಲ್ಲಿಯೂ ಇದ್ದಾರೆ ಎಂದು ಅವನು ಕರೆದನೆಂದು ಅರಿಸ್ಟಾಟಲ್ ಬರೆದಿದ್ದಾನೆ. ಜೀವಿಗಳ ಅಂಗಾಂಗಗಳನ್ನು ಕೊಯ್ದು ನೋಡಲು ಹೇಸುವವರಿಗೆ ಧೈರ್ಯ ತುಂಬಲೆಂದು ಅವನು ಈ ಪ್ರಸಂಗ ತಂದದ್ದು. ಆದರೆ ಒಲೆಯ ಮುಂದೆ ತಡೆದು ನಿಂತ ಆ ಅತಿಥಿಗಳ ಹಿಂಜರಿಕೆ ಕನ್ನಡ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನ 20×30 ಸೈಟಿನಲ್ಲಿ ಮನೆ ಕಟ್ಟುವವರಿಗೂ ಅದೇ ಹಿಂಜರಿಕೆ ಎದುರಾಗುತ್ತದೆ. 600 ಚದರಡಿಯಲ್ಲಿ ಮೆಟ್ಟಿಲು, ಬಚ್ಚಲು, ಬೈಕು ನಿಲ್ಲಿಸುವ ಜಾಗ ಕಳೆದರೆ ಹಾಲ್, ಊಟದ ಜಾಗ, ಅಡುಗೆಮನೆ ಮೂರಕ್ಕೂ ಸೇರಿ ಒಂದೇ ದೊಡ್ಡ ಕೋಣೆ ಉಳಿಯುತ್ತದೆ. ಎಂಜಿನಿಯರ್ ನಕ್ಷೆ ಹರಡಿ ‘ಓಪನ್ ಕಿಚನ್’ ಎಂದಾಗ ಹಿರಿಯರ ಮೊದಲ ಆಕ್ಷೇಪ ಒಗ್ಗರಣೆಯ ಘಾಟಿನದು, ಎರಡನೆಯದು ಮಡಿಯದು. ಘಾಟಿಗೆ ಚಿಮಣಿ ಇದೆ. ಮಡಿಗೆ?

ಹಳೆಯ ತೊಟ್ಟಿಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದುದು ಗೋಡೆ. ಜಗಲಿಯಲ್ಲೇ ಮಾತು ಮುಗಿಸಿ ಹೋಗುವವರು ಕೆಲವರು, ಪಡಸಾಲೆಯವರೆಗೆ ಬರುವವರು ಕೆಲವರು, ನಡುಮನೆ ದಾಟಿ ಒಲೆಯ ಹತ್ತಿರ ಬರಬಹುದಾದವರು ಬೆರಳೆಣಿಕೆಯ ಮಂದಿ. ಅಂಗಳದಾಚೆಗೇ ನಿಲ್ಲಬೇಕಾದವರೂ ಇದ್ದರು. ಜಾತಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳದಂತೆ ಮನೆ ಕಟ್ಟಲಾಗಿತ್ತು. ಇದೇ ಪರಂಪರೆಯ ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಭೃಗು ತಪಸ್ಸು ಮಾಡಿ ಮೊಟ್ಟಮೊದಲು ಕಂಡುಕೊಳ್ಳುವುದು ಅನ್ನವೇ ಬ್ರಹ್ಮ ಎಂಬುದನ್ನು. ಆನಂದದವರೆಗೆ ಏರಿದ ಮೇಲೂ ಉಪದೇಶ ಮತ್ತೆ ಅನ್ನಕ್ಕೇ ಮರಳುತ್ತದೆ: ಅದನ್ನು ಹಳಿಯಬಾರದು, ಹೆಚ್ಚಿಸಬೇಕು, ಮನೆಗೆ ಬಂದ ಯಾರನ್ನೂ ಹಿಂದೆ ಕಳಿಸಬಾರದು. ಅನ್ನವನ್ನು ಅಷ್ಟು ಎತ್ತರಕ್ಕೆ ಏರಿಸಿದವರ ವಾರಸುದಾರರು ಅದನ್ನು ಬೇಯಿಸುವ ಜಾಗಕ್ಕೆ ಬೇಲಿ ಹಾಕಿದ್ದು ಇಂದಿಗೂ ನೋಯಿಸುವ ಸಂಗತಿ.

ಬೇಲಿ ಸಡಿಲವಾದ ಒಂದು ನಿದರ್ಶನ ಲಾಲ್‌ಬಾಗ್ ಬಳಿಯಲ್ಲೇ ಇದೆ. ಇಂದಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮ ತಂದರು. ಗಿರಾಕಿಗಳು ಅಡುಗೆಮನೆಯನ್ನು ಹಾದು ಕಣ್ಣಾರೆ ನೋಡಿಕೊಂಡು ಊಟಕ್ಕೆ ಕೂರುವ ರೂಢಿಯೂ ಅಲ್ಲಿ ಬಂತು. ಅಡುಗೆಯ ಶುದ್ಧಿ ಪರರ ಕಣ್ಣಿಗೆ ಬೀಳದಿರುವುದರಲ್ಲಿದೆ ಎಂಬ ನಂಬಿಕೆಯ ಜಾಗದಲ್ಲಿ, ಯಾರು ಬೇಕಾದರೂ ನೋಡಲಿ ಎಂಬ ಧೈರ್ಯ ಕೂತಿತು. ಮಡಿಯ ಚರಿತ್ರೆಯಲ್ಲಿ ಇದು ಸಣ್ಣ ಪಲ್ಲಟವಲ್ಲ.

ಹಾಗೆಂದು ಗೋಡೆ ಕೆಡವಿದರೆ ಎಲ್ಲ ಸರಿಹೋಯಿತೆನ್ನಲಾಗದು. ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟಿನ ಹೊಸ ವಸತಿಗಳಿಗಾಗಿ ರೂಪಿಸಿದ ಅಡುಗೆಮನೆ ಮುಚ್ಚಿದ್ದೇ ಆಗಿತ್ತು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯ ಅಡುಗೆಕೋಣೆಯಿಂದ ಪಾಠ ಕಲಿತು, ಹೆಣ್ಣಿನ ಶ್ರಮ ಉಳಿಸಲು ಹೆಜ್ಜೆ ಹೆಜ್ಜೆಯನ್ನೂ ಅಳೆದ ಈ ಮಾದರಿ ಸುಮಾರು 10,000 ಮನೆಗಳಿಗೆ ಹೋಯಿತು. ಶ್ರಮವೇನೋ ಉಳಿಯಿತು, ಆದರೆ ಅಷ್ಟು ಇಕ್ಕಟ್ಟಿನಲ್ಲಿ ಇನ್ನೊಬ್ಬರು ನಿಂತು ಕೈಜೋಡಿಸಲು ಜಾಗವಿರಲಿಲ್ಲ, ಹೆಣ್ಣು ಒಂಟಿಯಾದಳೆಂಬ ಟೀಕೆ ಮುಂದೆ ಬಂತು. 1937ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಜೇಕಬ್ಸ್ ಮನೆಯಲ್ಲಿ ಅಡುಗೆಯ ಜಾಗ ಊಟದ ಮೂಲೆಗೆ ತೆರೆದುಕೊಂಡಿತು. ಆಳುಕಾಳಿಲ್ಲದ ಮನೆಯೊಡತಿ ಬೇಯಿಸುತ್ತಲೇ ಎಲ್ಲರ ಜೊತೆ ಇರಬಹುದಾಯಿತು. ಬೇಯಿಸುವವಳು ಮಾತ್ರ ಅವಳೇ.

ಮುಚ್ಚಿದ ಅಡುಗೆಮನೆಯ ಪರವಾಗಿ ಹೆಂಗಸರೇ ಹೇಳುವ ಮಾತೊಂದಿದೆ. ಕೂಡುಕುಟುಂಬದಲ್ಲಿ ಅತ್ತೆ, ಸೊಸೆ, ನೆರೆಮನೆಯಾಕೆ ನಕ್ಕದ್ದು, ಅತ್ತದ್ದು, ಒಂದು ಲೋಟ ಕಾಫಿ ಹಿಡಿದು ಸುಮ್ಮನೆ ಕೂತದ್ದು ಆ ಹೊಗೆಯ ಮರೆಯಲ್ಲೇ. ಓಪನ್ ಕಿಚನ್‌ನಲ್ಲಿ ಸೋಫಾದ ಮೇಲೆ ಕೂತವರ ಕಣ್ಣು ಸದಾ ಬೆನ್ನ ಮೇಲೆ. ತೊಳೆಯದ ಪಾತ್ರೆ, ಉಕ್ಕಿದ ಹಾಲು, ಎಲ್ಲಕ್ಕೂ ಸಾಕ್ಷಿಗಳು. ಯಾರೂ ಎದ್ದು ಬಂದು ಕೈಹಾಕದಿದ್ದರೆ ಈ ಹೊಸ ಮನೆ ಅವಳಿಗೆ ಹಳೆಯದಕ್ಕಿಂತ ಕಠಿಣ.

ಆದ್ದರಿಂದ ಪೀಠೋಪಕರಣದ ಅಳತೆಯಲ್ಲೇ ಧರ್ಮದ ಪ್ರಶ್ನೆ ಇದೆ. ಒಲೆಯ ಕಟ್ಟೆಗೂ ಎದುರಿನ ಕಟ್ಟೆಗೂ ನಡುವೆ ಎರಡೂವರೆ ಅಡಿ ಬಿಟ್ಟರೆ ಅಲ್ಲಿ ಒಬ್ಬರೇ ನಿಲ್ಲಬೇಕು. ನಾಲ್ಕಡಿ ಬಿಟ್ಟರೆ ಒಬ್ಬರು ಚಪಾತಿ ಬೇಯಿಸುವಾಗ ಇನ್ನೊಬ್ಬರು ಪಾತ್ರೆ ತೊಳೆಯಬಹುದು. ಆ ಒಂದೂವರೆ ಅಡಿಗಾಗಿ ಮೂವರು ಕೂರುವ ಸೋಫಾ ಬಿಟ್ಟು ಇಬ್ಬರದನ್ನು ತಂದರೆ ನಷ್ಟವಿಲ್ಲ. ಹೆಚ್ಚುವ ಹಲಗೆ ಹಾಲ್ ಕಡೆಗೆ ಮುಖ ಮಾಡಿರಲಿ, ಅದರ ಅಂಚು ಒಂದು ಗೇಣು ಎತ್ತರವಿದ್ದರೆ ಎಂಜಲು ತಟ್ಟೆಗಳು ಮರೆಯಾಗುತ್ತವೆ, ಮುಖಗಳು ಕಾಣುತ್ತವೆ. ನಿಲ್ಲಲಾರದ ಅಜ್ಜಿ ಸೊಪ್ಪು ಬಿಡಿಸಲು, ಮಗು ಅವರೆಕಾಯಿ ಸುಲಿಯಲು ಊಟದ ಮೇಜೇ ಸಾಕು. ದೇವರಿಗೆ ಈಶಾನ್ಯದ ಮೂಲೆ ಸಿಕ್ಕರೆ ಸರಿ, ಇಲ್ಲದಿದ್ದರೆ ಮಿಕ್ಸಿಯ ಸದ್ದಿನಿಂದ ತುಸು ದೂರ, ಕೂತರೆ ಕಣ್ಣಿಗೆ ನೇರವಾಗುವ ಒಂದು ಗೂಡು. ಸ್ನಾನ ಮಾಡಿ, ಕೈ ತೊಳೆದು, ಮನಸ್ಸಿಟ್ಟು ಅಡುಗೆ ಮಾಡುವ ಶ್ರದ್ಧೆಗೆ ಗೋಡೆಯ ಹಂಗಿಲ್ಲ. ಮಡಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಅಷ್ಟು ಮಾತ್ರ.

ಇನ್ನು ಮನೆಗೆಲಸಕ್ಕೆ ಬರುವಾಕೆ. ಅವಳಿಗೆಂದೇ ಸಿಂಕಿನ ಕೆಳಗೋ ಕಿಟಕಿಯ ಮೇಲೋ ಬೇರೆ ಲೋಟ ಇಡುವ ಮನೆಗಳು ನಗರದಲ್ಲಿ ಇನ್ನೂ ಇವೆ. ಗೋಡೆ ಇದ್ದಾಗ ಆ ಲೋಟ ಹಾಲ್‌ಗೆ ಕಾಣುತ್ತಿರಲಿಲ್ಲ. ಈಗ ಊಟದ ಮೇಜಿನಲ್ಲೇ ಹೋಂವರ್ಕ್ ಮಾಡುವ ಮಗು ಅವಳು ನೆಲದ ಮೇಲೆ ಕೂತು ಕಾಫಿ ಕುಡಿಯುವುದನ್ನು ದಿನವೂ ನೋಡುತ್ತದೆ, ಯಾಕೆಂದು ಕೇಳುತ್ತದೆ. ಒಬ್ಬರಿಗೆ ಎರಡಡಿಯಂತೆ, ಗೋಡೆಗೆ ತಾಗಿಸಿದ ಆರಡಿಯ ಬೆಂಚಿನಲ್ಲಿ ಮೂವರು ಆರಾಮವಾಗಿ ಕೂರಬಹುದು. ಕಾಫಿ ಅಲ್ಲಿಯೇ, ಎಲ್ಲರ ಲೋಟಗಳಲ್ಲಿ ಒಂದರಲ್ಲಿ ಬರಲು ಮೇಸ್ತ್ರಿಯೂ ಬೇಡ, ಬಡಗಿಯೂ ಬೇಡ.